ಮೂವತ್ತು ಕುರಿ, ಒಂದೇ ಟಗರು: ಬಂಡೂರು ಹಿಂಡಿನ ಒಳಸಂಬಂಧದ ಲೆಕ್ಕ

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನಲ್ಲಿ ಬಂದದ್ದನ್ನು ಓದಿಗೆ ಬೇಕಾದಷ್ಟು ಮಾತ್ರ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಜಗಳದಿಂದ. ದೊಡ್ಡ ಜಗಳ ಏನಲ್ಲ. ಮಳವಳ್ಳಿ ಕಡೆ ನಮ್ಮ ಸೋದರಮಾವ ಬಂಡೂರು ಕುರಿ ಸಾಕಿದ್ದಾರೆ. ಮೂವತ್ತು ಹೆಣ್ಣು ಕುರಿ, ಒಂದು ಟಗರು. ಬಕ್ರೀದ್‌ಗೆ ಮುಂಚೆ ಹಳೇ ಟಗರನ್ನ ಮಾರಿ, ಅದರ ಮಗನನ್ನೇ ಹಿಂಡಿಗೆ ಬಿಟ್ಕೋತೀನಿ ಅಂದ್ರು. ನಾನು, "ಮಾವ, ಬೇರೆ ಊರಿಂದ ಟಗರು ತಂದ್ರೆ ಒಳ್ಳೇದಲ್ವಾ?" ಅಂದೆ.

"ಹೊರಗಡೆಯಿಂದ ತಂದ್ರೆ ತಳಿ ಕೆಟ್ಟೋಯ್ತದೆ ಕನಪ್ಪ. ಇದು ನಮ್ಮ ಕೊಟ್ಟಿಗೇಲೇ ಹುಟ್ಟಿದ್ದು. ಇದರಪ್ಪ ಯಾರು, ಅವ್ವ ಯಾರು, ಎಲ್ಲಾ ಗೊತ್ತು ನಂಗೆ."

"ಗೊತ್ತಿರೋದೇ ತೊಂದರೆ ಮಾವ. ಅಪ್ಪ ಯಾರು ಅಂತ ಕೇಳಿದ್ರೆ ಹಿಂಡಿನ ಅರ್ಧಕ್ಕರ್ಧ ಮರಿ ಒಂದೇ ಹೆಸರು ಹೇಳ್ತವೆ."

"ಬಿಕಾಂ ಓದಿದೀಯಲ್ಲ ಮಗಾ, ಬಾಯಲ್ಲಿ ಹೇಳ್ಬೇಡ. ಲೆಕ್ಕ ಹಾಕಿ ತೋರ್ಸು."

ಅವರು ತಮಾಷೆಗೆ ಅಂದ್ರೋ ಏನೋ, ನಾನು ಮೂರು ವಾರ ಇದರಲ್ಲೇ ಮುಳುಗಿದೆ. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದೀನಿ. ಪೆನ್ನು ಪೇಪರ್ ಇದ್ರೆ ಚೆನ್ನ, ಇಲ್ಲದಿದ್ರೂ ನಡೆಯುತ್ತೆ.

ಮೊದಲು ಬಂಡೂರು ಕುರಿ ಯಾವುದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬಂಡೂರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಸರ್ಕಾರಿ ದಾಖಲೆಗಳಲ್ಲಿ ಈ ತಳಿಯ ಹೆಸರು ಮಂಡ್ಯ ಕುರಿ. ಜನ ಬಂಡೂರು ಅಂತಾರೆ, ಬನ್ನೂರು ಅಂತಾನೂ ಕರೀತಾರೆ. ಮಳವಳ್ಳಿ, ಮದ್ದೂರು, ಮಂಡ್ಯ, ಆಚೆ ತಿ. ನರಸೀಪುರ ತಾಲ್ಲೂಕಿನ ಬನ್ನೂರು, ಇಷ್ಟೇ ಇದರ ಸೀಮೆ. ಬಿಳಿ ಮೈ, ಕೆಲವಕ್ಕೆ ಮುಖ ಕಂದು. ಕೊಂಬಿಲ್ಲ. ಕುಳ್ಳಗೆ ಗಟ್ಟಿಮುಟ್ಟಾದ ದೇಹ, ಎಲೆ ಥರ ಜೋತುಬಿದ್ದ ಕಿವಿ. ಹಿಂದೆ ನಿಂತು ನೋಡಿದ್ರೆ ತೊಡೆಗಳ ನಡುವೆ ಇಂಗ್ಲಿಷಿನ ಯು ಅಕ್ಷರ ತಲೆಕೆಳಗಾಗಿ ನಿಂತ ಹಾಗೆ ಕಾಣುತ್ತೆ. ಮಾಂಸದ ಎಳೆಗಳ ನಡುವೆ ಕೊಬ್ಬು ಹರಡಿಕೊಂಡಿರೋದ್ರಿಂದ ರುಚಿ ಜಾಸ್ತಿ, ಬೆಲೆಯೂ ಜಾಸ್ತಿ. ಬಂಡೂರು ಟಗರೊಂದು ಲಕ್ಷ ರೂಪಾಯಿ ದಾಟಿದ ಸುದ್ದಿ ನೀವೂ ಓದಿರ್ತೀರಿ.

ಬೆಲೆ ಇರೋದೇ ಇಲ್ಲಿ ಎಡವಟ್ಟು. ಚೆನ್ನಾಗಿರೋ ಗಂಡುಮರಿಗೆ ಬಕ್ರೀದ್ ಸಮಯದಲ್ಲಿ ಒಳ್ಳೇ ಗಿರಾಕಿ ಸಿಗುತ್ತೆ, ಅದು ಹೊರಟೋಗುತ್ತೆ. ಹಿಂಡಿಗೆ ಉಳಿಯೋದು ಒಂದು. ಅಷ್ಟು ಸಣ್ಣ ಸೀಮೆಯ ತಳಿ, ಅದರಲ್ಲೂ ಸಣ್ಣ ಸಣ್ಣ ಹಿಂಡು, ಹಿಂಡಿಗೊಂದೇ ಟಗರು. ಇಲ್ಲಿಂದ ಲೆಕ್ಕ ಶುರು.

ಡಬಲ್ ಎಂಟ್ರಿ ಬುಕ್‌ಕೀಪಿಂಗ್ ಗೊತ್ತಿರೋರಿಗೆ ಇದು ಸುಲಭ. ಪ್ರತಿ ಪ್ರಾಣಿಯಲ್ಲೂ ಪ್ರತಿ ಜೀನ್‌ಗೆ ಎರಡು ಪ್ರತಿ ಇರುತ್ತೆ. ಒಂದು ಅಪ್ಪನಿಂದ, ಒಂದು ಅವ್ವನಿಂದ. ಖಾತೆಯ ಎರಡು ಬದಿ ಅಂದ್ಕೊಳ್ಳಿ. ಎರಡು ಬದಿಗೂ ಬೇರೆ ಬೇರೆ ವೋಚರ್ ಇದ್ರೆ ಒಂದರಲ್ಲಿ ತಪ್ಪಿದ್ರೂ ಇನ್ನೊಂದು ಕಾಪಾಡುತ್ತೆ. ಹಾಳಾದ ಜೀನ್‌ಗಳು ಬಹಳಷ್ಟು ಸಲ ಹೀಗೇ ಸರಿ ಇರೋ ಪ್ರತಿಯ ಹಿಂದೆ ಬಚ್ಚಿಟ್ಟುಕೊಂಡು ಕೂತಿರ್ತವೆ. ಆದರೆ ಅಪ್ಪ ಅವ್ವ ನೆಂಟರಾದ್ರೆ, ಇಬ್ಬರೂ ಒಬ್ಬನೇ ಹಿರಿಯನ ಒಂದೇ ವೋಚರಿನ ಜೆರಾಕ್ಸ್ ಮರಿಗೆ ಕೊಡಬಹುದು. ಆಗ ಎರಡೂ ಬದಿ ಒಂದೇ. ತಪ್ಪು ಇದ್ರೆ ಎರಡೂ ಕಡೆ ತಪ್ಪು.

ಹೀಗೆ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರೋ ಸಾಧ್ಯತೆ ಎಷ್ಟು ಅನ್ನೋದೇ ಇನ್‌ಬ್ರೀಡಿಂಗ್ ಗುಣಾಂಕ. ವಿಜ್ಞಾನಿಗಳು ಅದಕ್ಕೆ ಎಫ್ ಅಂತ ಹೆಸರಿಟ್ಟಿದ್ದಾರೆ. ಸೊನ್ನೆ ಅಂದ್ರೆ ಸಂಬಂಧ ಇಲ್ಲ, ಒಂದು ಅಂದ್ರೆ ಎಲ್ಲಾ ಜೀನ್‌ಗಳೂ ಜೆರಾಕ್ಸ್. ಈ ಲೆಕ್ಕಕ್ಕೆ ದಾರಿ ಹಾಕಿಕೊಟ್ಟವರು ಅಮೆರಿಕದ ಸ್ಯೂಯಲ್ ರೈಟ್, 1922ರಲ್ಲಿ. ಅವರ ವಿಧಾನ ಎಷ್ಟು ಸರಳ ಅಂದ್ರೆ ನಮ್ಮ ಮಾವನಿಗೆ ಐದು ನಿಮಿಷದಲ್ಲಿ ಅರ್ಥ ಆಯ್ತು. ಮರಿಯ ಅಪ್ಪನಿಂದ ಹೊರಟು, ಇಬ್ಬರಿಗೂ ಸೇರಿದ ಹಿರಿಯನನ್ನ ಮುಟ್ಟಿ, ಮರಿಯ ಅವ್ವನ ತನಕ ಇಳಿದು ಬನ್ನಿ. ದಾರಿಯಲ್ಲಿ ಎಷ್ಟು ಪ್ರಾಣಿ ಸಿಕ್ಕವೋ ಎಣಿಸಿ. ಒಂದನ್ನ ಅಷ್ಟು ಸಲ ಅರ್ಧ ಮಾಡಿ. ಆ ಹಿರಿಯನೇ ಮೊದಲೇ ಒಳಸಂಬಂಧದಲ್ಲಿ ಹುಟ್ಟಿದ್ರೆ ಇನ್ನೊಂಚೂರು ಸೇರುತ್ತೆ, ಅದನ್ನ ಸದ್ಯಕ್ಕೆ ಬಿಡಿ.

ಟಗರು ತನ್ನ ಮಗಳನ್ನೇ ಕೂಡಿದ್ರೆ? ದಾರಿಯಲ್ಲಿ ಎರಡೇ ಪ್ರಾಣಿ, ಟಗರು ಮತ್ತು ಮಗಳು. ಅರ್ಧದಲ್ಲಿ ಅರ್ಧ, ಕಾಲು. ಎಫ್ ಅಂದ್ರೆ ಶೇ. 25. ಒಂದೇ ಟಗರನ್ನ ಮೂರು ವರ್ಷ ಹಿಂಡಲ್ಲಿ ಬಿಟ್ಟುಕೊಂಡ್ರೆ ಇದು ಆಗೇ ಆಗುತ್ತೆ, ಅಷ್ಟರಲ್ಲಿ ಅದರ ಹೆಣ್ಣುಮಕ್ಕಳು ಬೆದೆಗೆ ಬಂದಿರ್ತವೆ. ಟಗರಿನ ಮಗನನ್ನ ಹಿಂಡಿಗೆ ಬಿಟ್ರೆ? ಅವನು, ಅವನ ಅಪ್ಪ, ಅಪ್ಪನ ಇನ್ನೊಂದು ಮಗಳು. ಮೂರು ಪ್ರಾಣಿ, ಎಂಟರಲ್ಲಿ ಒಂದು, ಶೇ. 12.5.

ಎಂಟರಲ್ಲಿ ಒಂದು ಅನ್ನೋ ಸಂಖ್ಯೆ ನಮ್ಮ ಮನೆಗಳಿಗೆ ಹೊಸದಲ್ಲ. ಸೋದರಮಾವನನ್ನ ಮದುವೆಯಾದ ಹೆಣ್ಣಿನ ಮಕ್ಕಳಿಗೂ ಇದೇ ಸಂಖ್ಯೆ. ಅಲ್ಲಿ ತಾತ, ಅಜ್ಜಿ ಇಬ್ಬರೂ ಸೇರಿದ ಹಿರಿಯರು. ಒಬ್ಬೊಬ್ಬರ ದಾರಿಯಲ್ಲೂ ನಾಲ್ಕು ಜನ, ಹದಿನಾರರಲ್ಲಿ ಒಂದು. ಎರಡು ದಾರಿ ಸೇರಿ ಎಂಟರಲ್ಲಿ ಒಂದು. ಅತ್ತೆ ಮಗ, ಮಾವನ ಮಗಳು ಮದುವೆಯಾದ್ರೆ ಹದಿನಾರರಲ್ಲಿ ಒಂದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಸಾವಿರಾರು ಮಕ್ಕಳ ತಪಾಸಣೆ ನಡೆದಾಗ, ಸುಮಾರು ಮೂರರಲ್ಲಿ ಒಂದು ಪಾಲು ಅಪ್ಪ ಅಮ್ಮಂದಿರು ಸಂಬಂಧದಲ್ಲೇ ಮದುವೆಯಾದವರು ಅಂತ ಕಂಡುಬಂತು. ನಮ್ಮಜ್ಜಿಯೂ ಆ ಸಾಲಿನವರೇ, ಆದ್ದರಿಂದ ನಾನು ಇಲ್ಲಿ ಯಾರನ್ನೂ ಆಡಿಕೊಳ್ಳೋ ಸ್ಥಿತಿಯಲ್ಲಿಲ್ಲ.

ಆದರೆ ಮನೆತನಕ್ಕೂ ಕುರಿಹಿಂಡಿಗೂ ಒಂದು ವ್ಯತ್ಯಾಸ ಇದೆ. ಮನೆಯಲ್ಲಿ ಒಂದು ಮದುವೆ ಸಂಬಂಧದಲ್ಲಿ ಆದ್ರೆ ಇನ್ನೊಂದು ಹೊರಗಡೆ ಆಗುತ್ತೆ. ಸಂಬಂಧವೇ ಇಲ್ಲದ ಕಡೆಯಿಂದ ಸೊಸೆ ಬಂದ ತಕ್ಷಣ ಆ ಮಕ್ಕಳ ಎಫ್ ಮತ್ತೆ ಸೊನ್ನೆ. ಈ ಸಾಲಕ್ಕೆ ಒಂದೇ ಕಂತಿನಲ್ಲಿ ಚುಕ್ತಾ ಇದೆ. ಬಾಗಿಲು ಮುಚ್ಚಿದ ಹಿಂಡಿನಲ್ಲಿ ಚುಕ್ತಾ ಇಲ್ಲ, ಬಡ್ಡಿ ಮೇಲೆ ಬಡ್ಡಿ.

ಎಷ್ಟು ಬಡ್ಡಿ? ಇದಕ್ಕೆ ವಂಶಾವಳಿಯೂ ಬೇಡ, ತಲೆ ಎಣಿಸಿದ್ರೆ ಸಾಕು. ಗಂಡಿನ ಸಂಖ್ಯೆ, ಹೆಣ್ಣಿನ ಸಂಖ್ಯೆ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ತಲೆಗಳಿಂದ ಭಾಗಿಸಿ. ಒಂದು ಗುಣಿಸು ಮೂವತ್ತು ಗುಣಿಸು ನಾಲ್ಕು, ನೂರಾ ಇಪ್ಪತ್ತು. ಅದನ್ನ ಮೂವತ್ತೊಂದರಿಂದ ಭಾಗಿಸಿದ್ರೆ 3.87. ಇದಕ್ಕೆ ಪರಿಣಾಮಕಾರಿ ಸಂಖ್ಯೆ ಅಂತಾರೆ. ಕೊಟ್ಟಿಗೆಯಲ್ಲಿ ಮೂವತ್ತೊಂದು ತಲೆ ಕಾಣಿಸಿದ್ರೂ ತಳಿಯ ಲೆಕ್ಕದಲ್ಲಿ ಇರೋದು ನಾಲ್ಕು ಕೂಡ ಅಲ್ಲ. ಮಾವನಿಗೆ ಇದನ್ನ ಹೇಳಿದಾಗ ಅವರು ಕೊಟ್ಟಿಗೆ ಕಡೆ ಒಂದ್ಸಲ, ನನ್ನ ಕಡೆ ಒಂದ್ಸಲ ನೋಡಿದ್ರು. ಮುಕ್ಕಾಲು ಪಾಲು ಕುರಿ ಯಾರೋ ಕದ್ದುಕೊಂಡು ಹೋದ ಹಾಗೆ.

ಯಾಕೆ ಹೀಗೆ? ಮುಂದಿನ ತಲೆಮಾರಿನ ಪ್ರತಿ ಮರಿಗೂ ಅರ್ಧ ಜೀನ್ ಆ ಒಂದೇ ಟಗರಿನಿಂದ ಬರಬೇಕು. ಇನ್ನೂ ನೂರು ಹೆಣ್ಣು ಕುರಿ ತಂದು ಕಟ್ಟಿದ್ರೂ ಆ ಸಂಖ್ಯೆ ನಾಲ್ಕು ದಾಟಲ್ಲ, ಬೇಕಾದ್ರೆ ಲೆಕ್ಕ ಹಾಕಿ ನೋಡಿ. ಎರಡು ಟಗರು ಬಿಟ್ರೆ 7.5ಕ್ಕೆ ಏರುತ್ತೆ.

ಈಗ ಒಂದನ್ನ ಆ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. 3.87ರ ಎರಡರಷ್ಟು 7.74. ಬರೋ ಉತ್ತರ ಸುಮಾರು ಶೇ. 12.9. ಹಿಂಡಿನ ವೈವಿಧ್ಯ ಒಂದೊಂದು ತಲೆಮಾರಿಗೆ ಇಷ್ಟು ಸವೆಯುತ್ತೆ. ಅಕೌಂಟೆನ್ಸಿಯಲ್ಲಿ ಸವಕಳಿ ಕಳೆಯೋದು ನೆನಪಿದ್ಯಾ? ಉಳಿದ ಮೊತ್ತದ ಮೇಲೆ ಪ್ರತಿವರ್ಷ ಇಷ್ಟು ಪರ್ಸೆಂಟ್. ಅದೇ ಥರ. ಮೊದಲ ತಲೆಮಾರಿಗೆ 100 ಹೋಗಿ 87, ಆಮೇಲೆ 76, 66, 57.5, ಐದನೇ ತಲೆಮಾರಿಗೆ 50. ಕುರಿಗೆ ಒಂದು ತಲೆಮಾರು ಅಂದ್ರೆ ಹೆಚ್ಚುಕಮ್ಮಿ ಮೂರು ವರ್ಷ ಇಟ್ಕೊಳ್ಳಿ. ಹದಿನೈದು ವರ್ಷ ಹೊರಗಿಂದ ಟಗರು ತರದೆ, ಮನೇಲಿ ಹುಟ್ಟಿದ್ದನ್ನೇ ಒಂದೊಂದಾಗಿ ಬಿಡ್ತಾ ಹೋದ್ರೆ, ಆ ಹಿಂಡಿನ ಬಂಡವಾಳ ಅರ್ಧ ಆಗಿರುತ್ತೆ. ಯಾರೂ ಒಂದು ಕುರಿಯನ್ನೂ ಮಾರದೆ!

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳೋ ಅಳತೆ ಏನು ಗೊತ್ತಾ? ತಳಿ ಉಳೀಬೇಕಾದ್ರೆ ಪರಿಣಾಮಕಾರಿ ಸಂಖ್ಯೆ ಕನಿಷ್ಠ 50 ಇರಬೇಕು, ಅಂದ್ರೆ ಒಂದು ತಲೆಮಾರಿಗೆ ಸವಕಳಿ ಶೇ. 1 ದಾಟಬಾರದು. ನಮ್ಮ ಮಾವನ ಕೊಟ್ಟಿಗೆಯದು ಹನ್ನೆರಡು, ಹದಿಮೂರು ಪಟ್ಟು.

ಇಷ್ಟು ಹೇಳಿದ ಮೇಲೆ ಮಾವ ಒಂದು ಪ್ರಶ್ನೆ ಕೇಳಿದ್ರು. ಈ ಸಂಚಿಕೆಯ ಅರ್ಧ ಭಾಗ ಆ ಪ್ರಶ್ನೆಯಿಂದಲೇ ಹುಟ್ಟಿದ್ದು. "ಹಂಗಾದ್ರೆ ಭತ್ತ ಯಾಕೆ ಕೆಡಾಕಿಲ್ಲ ಮಗಾ? ಅದು ತನ್ನಿಂದ ತಾನೇ ಕಾಳು ಕಟ್ತದೆ ಅಂತಾರಲ್ಲ. ಅದಕ್ಕಿಂತ ಹತ್ತಿರದ ನೆಂಟಸ್ತನ ಉಂಟಾ?"

ಸರಿಯಾದ ಪ್ರಶ್ನೆ. ಭತ್ತದ ಹೂವಿಗೆ ಅದರದೇ ಪರಾಗ ಸಾಕು. ಅಪ್ಪನೂ ಅದೇ, ಅವ್ವನೂ ಅದೇ. ಇಲ್ಲಿ ಸವಕಳಿ ಶೇ. 12.9 ಅಲ್ಲ, ಒಂದೊಂದು ಬೆಳೆಗೆ ಶೇ. 50. ಮಂಡ್ಯದ ವಿ.ಸಿ. ಫಾರಂನಲ್ಲಿ ಅಭಿವೃದ್ಧಿಯಾಗಿ 1996ರಲ್ಲಿ ಬಿಡುಗಡೆಯಾದ ಕೆಆರ್‌ಎಚ್-2 ಹೈಬ್ರಿಡ್ ಭತ್ತವನ್ನೇ ತಗೊಳ್ಳಿ. ಎರಡು ಬೇರೆ ಬೇರೆ ಸಾಲುಗಳನ್ನ ಕೂಡಿಸಿ ಮಾಡಿದ ಬೀಜ ಅದು. ಆ ಸಾಲುಗಳ ನಡುವೆ ಎಲ್ಲೆಲ್ಲಿ ವ್ಯತ್ಯಾಸ ಇದೆಯೋ ಅಲ್ಲೆಲ್ಲ ಎರಡು ಪ್ರತಿಯೂ ಬೇರೆ ಬೇರೆ, ನೂರಕ್ಕೆ ನೂರು. ಅದರ ಕಾಳನ್ನೇ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದ್ರೆ ಐವತ್ತು. ಆಮೇಲೆ ಇಪ್ಪತ್ತೈದು, ಹನ್ನೆರಡೂವರೆ. ಎಂಟು ಬೆಳೆ ಆಗೋ ಹೊತ್ತಿಗೆ ನೂರಕ್ಕೆ ಅರ್ಧವೂ ಉಳಿದಿರಲ್ಲ. ಹೈಬ್ರಿಡ್ ಬೀಜ ಮನೇಲಿ ಎತ್ತಿಡಬೇಡಿ ಅನ್ನೋದಕ್ಕೆ ಕಾರಣ ಇದೇ. ಎರಡನೇ ವರ್ಷವೇ ಗದ್ದೆಯಲ್ಲಿ ಒಂದು ಉದ್ದ, ಒಂದು ಗಿಡ್ಡ, ಒಂದು ಬೇಗ, ಒಂದು ತಡ.

ಆದರೆ ಸಾವಿರಾರು ವರ್ಷ ಹೀಗೇ ಬೆಳೆದು ಬಂದ ದೇಸಿ ಭತ್ತಕ್ಕೆ ಕಳೆದುಕೊಳ್ಳೋದು ಏನೂ ಉಳಿದಿಲ್ಲ. ಬಚ್ಚಿಟ್ಟುಕೊಂಡಿದ್ದ ಕೆಟ್ಟ ಜೀನ್‌ಗಳೆಲ್ಲ ಎಂದೋ ಹೊರಗೆ ಬಂದು, ಅವನ್ನ ಹೊತ್ತ ಗಿಡಗಳು ಸೊರಗಿ ಹೋಗಿವೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನ ಒಂದೇ ಜಮೀನಿನಲ್ಲಿ ಪುಟ್ಟ ಪುಟ್ಟ ಪಾತಿಗಳಲ್ಲಿ ಉಳಿಸಿಕೊಂಡು ಬಂದಿದ್ದಾರೆ. ಅವರ ಶ್ರಮ, ತಾಳ್ಮೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಭತ್ತ ತನ್ನಿಂದ ತಾನೇ ಕಾಳು ಕಟ್ಟೋ ಬೆಳೆ ಆಗಿಲ್ಲದಿದ್ರೆ, ಪಕ್ಕಪಕ್ಕದ ಪಾತಿಗಳು ಒಂದಕ್ಕೊಂದು ಬೆರೆತು ಅಷ್ಟು ತಳಿಗಳನ್ನ ಹಾಗೆ ಇಡೋಕೇ ಆಗ್ತಿರಲಿಲ್ಲ. ಭತ್ತದಲ್ಲಿ ತಳಿ ಉಳಿಸೋ ಉಪಾಯವೇ ಕುರಿಯಲ್ಲಿ ತಳಿ ಕಳೆಯೋ ದಾರಿ.

ಭತ್ತಕ್ಕಿಂತ ಹತ್ತಿರದ ನೆಂಟಸ್ತನ ಉಂಟಾ ಅಂತ ಮಾವ ಕೇಳಿದ್ರಲ್ಲ, ಉಂಟು. ಅವರ ಜಮೀನಿನ ಹತ್ತಿರ ನಾಲೆಯ ಹಳೇ ಕಲ್ಲುಕಟ್ಟಡದ ಸಂದಿಯಲ್ಲಿ ಜರಿಗಿಡ ಬೆಳೆದಿದೆ. ನೀವೂ ನೋಡಿರ್ತೀರಿ. ಹಳೇ ಬಾವಿಯ ಒಳಗೋಡೆ, ಸೇತುವೆ ಕೆಳಗೆ, ತೇವ ಇರೋ ಕಡೆ ಎಲ್ಲಾ ಇರುತ್ತೆ. ಹೂವಿಲ್ಲ, ಬೀಜ ಇಲ್ಲ. ಎಲೆಯ ಹಿಂದೆ ಕಂದು ಬಣ್ಣದ ಪುಡಿ ಇರುತ್ತಲ್ಲ, ಅದು ಅದರ ಬೀಜಕ. ಒಂದೊಂದು ಬೀಜಕದಲ್ಲೂ ಜೀನ್‌ಗಳ ಒಂದೇ ಪ್ರತಿ, ಖಾತೆಯ ಒಂದೇ ಬದಿ. ಅದು ಒದ್ದೆ ಜಾಗಕ್ಕೆ ಬಿದ್ದು ಮೊಳೆತರೆ ನೇರವಾಗಿ ಜರಿಗಿಡ ಆಗಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ, ಬಹುತೇಕ ಹೃದಯದ ಆಕಾರದ ಒಂದು ಹಸಿರು ಬಿಲ್ಲೆ ಆಗುತ್ತೆ. ಗಂಡು ಕಣ, ಹೆಣ್ಣು ಕಣ ಎರಡೂ ಆ ಬಿಲ್ಲೆಯ ಮೇಲೇ ಹುಟ್ತವೆ. ಗಂಡು ಕಣ ನೀರಿನ ಪೊರೆಯಲ್ಲಿ ಈಜಿ ಹೆಣ್ಣು ಕಣವನ್ನ ಸೇರಬೇಕು.

ಪಕ್ಕದಲ್ಲಿ ಇನ್ನೊಂದು ಬಿಲ್ಲೆ ಇದ್ರೆ ಅಲ್ಲಿಗೆ ಹೋಗಬಹುದು. ಇಲ್ಲದಿದ್ರೆ ತನ್ನದೇ ಬಿಲ್ಲೆಯ ಹೆಣ್ಣು ಕಣ. ಆಗ ಏನಾಗುತ್ತೆ ನೋಡಿ. ಆ ಬಿಲ್ಲೆಯಲ್ಲಿ ಇದ್ದಿದ್ದೇ ಒಂದು ಪ್ರತಿ. ಗಂಡು ಕಣವೂ ಅದರದೇ ಜೆರಾಕ್ಸ್, ಹೆಣ್ಣು ಕಣವೂ ಅದರದೇ ಜೆರಾಕ್ಸ್. ಹುಟ್ಟೋ ಜರಿಗಿಡದಲ್ಲಿ ಪ್ರತಿಯೊಂದು ಜೀನ್‌ನ ಎರಡೂ ಪ್ರತಿ ತದ್ರೂಪ. ಎಫ್ ಒಂದು, ಒಂದೇ ಏಟಿಗೆ. ಕುರಿಹಿಂಡಿಗೆ ಅರ್ಧ ಕಳೆಯೋಕೆ ಐದು ತಲೆಮಾರು ಬೇಕು, ಭತ್ತಕ್ಕೆ ಒಂದು ಬೆಳೆ. ಜರಿಗಿಡಕ್ಕೆ ಪೂರ್ತಿ ಕಳೆಯೋಕೆ ಒಂದು ಮಳೆಗಾಲ.

ಇದರಿಂದ ಜರಿಗಿಡಕ್ಕೆ ಒಂದು ಲಾಭವೂ ಇದೆ. ಗಾಳಿಯಲ್ಲಿ ಬಂದ ಒಂದೇ ಒಂದು ಬೀಜಕ ಹೊಸ ಗೋಡೆಯ ಮೇಲೆ ಸಂಸಾರ ಹೂಡಬಹುದು. ಈ ಗುಣ ನೋಡಿ 1960ರ ದಶಕದಲ್ಲಿ ಸಸ್ಯವಿಜ್ಞಾನಿಗಳು ಜರಿಗಿಡಗಳೆಲ್ಲ ಹೆಚ್ಚಾಗಿ ಹೀಗೇ ಬದುಕ್ತಿರಬೇಕು ಅಂದ್ಕೊಂಡಿದ್ರು. ಆದರೆ "ಆಗಬಹುದು" ಮತ್ತು "ಆಗ್ತಿದೆ" ನಡುವೆ ಅಂತರ ಇದೆಯಲ್ಲ. ಕಾಡಲ್ಲಿ ಬೆಳೆದ ಜರಿಗಿಡ ಸ್ವಂತ ಬಿಲ್ಲೆಯಲ್ಲಿ ಹುಟ್ಟಿದ್ದೋ, ಎರಡು ಬಿಲ್ಲೆ ಸೇರಿ ಹುಟ್ಟಿದ್ದೋ ಹೇಗೆ ಕಂಡುಹಿಡಿಯೋದು? ಅದಕ್ಕೆ ವಂಶಾವಳಿ ಬರೆದಿಟ್ಟವರು ಯಾರೂ ಇಲ್ಲ. ಇಲ್ಲಿ ಎಫ್ ಅಳೆಯೋ ಎರಡನೇ ವಿಧಾನ ಬರುತ್ತೆ. ಕುರಿಗೂ ಅದೇ ಬಳಕೆಯಲ್ಲಿದೆ, ಅದಕ್ಕೇ ಇದನ್ನ ಹೇಳ್ತಿರೋದು.

ಒಂದು ಜೀನ್‌ಗೆ ಎರಡು ರೂಪ ಇದೆ ಅಂದ್ಕೊಳ್ಳಿ. ಕೆಂಪು, ಬಿಳಿ ಅಂತ ಕರೆಯೋಣ. ಹಿಂಡಿನಲ್ಲಿ ಅರ್ಧ ಕೆಂಪು, ಅರ್ಧ ಬಿಳಿ. ನೆಂಟಸ್ತನ ನೋಡದೆ ಹೇಗೆ ಬೇಕೋ ಹಾಗೆ ಕೂಡಿದ್ರೆ, ನೂರರಲ್ಲಿ ಐವತ್ತು ಪ್ರಾಣಿಗಳಲ್ಲಿ ಒಂದು ಕೆಂಪು, ಒಂದು ಬಿಳಿ ಇರಬೇಕು. ನಾಣ್ಯ ಎರಡು ಸಲ ಚಿಮ್ಮಿದ ಹಾಗೆ. ಈಗ ನಿಜವಾಗಿ ಪರೀಕ್ಷೆ ಮಾಡ್ತೀರಿ, ಮೂವತ್ತೇ ಸಿಗುತ್ತೆ. ಇರಬೇಕಾದ ಐವತ್ತರಲ್ಲಿ ಇಪ್ಪತ್ತು ಕಮ್ಮಿ. ಇಪ್ಪತ್ತು ಭಾಗ ಐವತ್ತು, ಎಫ್ 0.4. ಬಜೆಟ್ ಎಷ್ಟು, ಖರ್ಚು ಎಷ್ಟು, ಕೊರತೆ ಎಷ್ಟು, ಅಷ್ಟೇ. ಹೀಗೆ ಹಲವು ಜೀನ್‌ಗಳಲ್ಲಿ ಅಳೆದು ಸರಾಸರಿ ತೆಗೀತಾರೆ.

1985ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಬಾಟ್ರಿಕಿಯಂ ಅನ್ನೋ ಜರಿಯಲ್ಲಿ ಇದನ್ನ ಅಳೆದರು. ಅದರ ಬಿಲ್ಲೆ ಮಣ್ಣಿನ ಒಳಗೇ ಹೂತಿರುತ್ತೆ, ಗಂಡು ಕಣಕ್ಕೆ ಪಕ್ಕದ ಮನೆಗೆ ಹೋಗೋ ದಾರಿಯೇ ಕಷ್ಟ. ಎಫ್ 0.9ಕ್ಕಿಂತ ಮೇಲೆ ಬಂತು. ಅಂದ್ರೆ ಬಹುತೇಕ ಎಲ್ಲಾ ಗಿಡಗಳೂ ಸ್ವಂತ ಬಿಲ್ಲೆಯವೇ. ಆದರೆ ಅದೇ ದಶಕದಲ್ಲಿ ಬೇರೆ ಬೇರೆ ಜರಿಗಿಡಗಳನ್ನ ಅಳೆದಾಗ ಹೆಚ್ಚಿನವುಗಳಲ್ಲಿ ಕೊರತೆ ಸೊನ್ನೆಯ ಹತ್ತಿರ. ಅವಕಾಶ ಇದ್ರೂ ಅವು ಹೊರಗಡೆ ಸಂಬಂಧವನ್ನೇ ಬೆಳೆಸ್ತಿದ್ದವು. ನೀರು ನಿಲ್ಲೋ ಗದ್ದೆಗಳಲ್ಲಿ ಬರೋ ಸೆರಟಾಪ್ಟೆರಿಸ್ ಜಾತಿಯ ಜರಿಯಲ್ಲಂತೂ, ಮೊದಲು ಬೆಳೆದ ಬಿಲ್ಲೆ ಒಂದು ರಾಸಾಯನಿಕ ಬಿಟ್ಟು ಸುತ್ತಲಿನ ಎಳೇ ಬಿಲ್ಲೆಗಳನ್ನ ಬರೀ ಗಂಡಾಗಿ ಮಾಡುತ್ತೆ. ಊರ ತುಂಬ ಟಗರು! ಮಾವ ಇದನ್ನ ಕೇಳಿ ಜೋರಾಗಿ ನಕ್ಕರು.

ಒಂದು ಎಚ್ಚರಿಕೆ. ಎಫ್ ಸಂಖ್ಯೆ ಒಂದೇ ಇದ್ರೂ ಓದೋ ರೀತಿ ಬೇರೆ. ಎಫ್ 0.5 ಬಂತು ಅಂತಿಟ್ಕೊಳ್ಳಿ. ಜರಿಗಿಡದಲ್ಲಿ ಬಿಲ್ಲೆಯೊಳಗಿನ ಸ್ವಂತ ಕೂಡಿಕೆ ಒಂದೇ ಕಾರಣ ಆಗಿದ್ರೆ, ಅರ್ಧ ಗಿಡಗಳು ಹಾಗೆ ಹುಟ್ಟಿವೆ ಅಂತ ಅರ್ಥ. ಅದೇ 0.5 ಒಂದು ಹೂವಿನ ಗಿಡದಲ್ಲಿ ಬಂದ್ರೆ, ಅಲ್ಲಿ ಒಂದು ಏಟಿಗೆ ಅರ್ಧ ಮಾತ್ರ ಕಳೆಯೋದ್ರಿಂದ, ಮೂರರಲ್ಲಿ ಎರಡು ಪಾಲು ಸ್ವಂತ ಪರಾಗದಿಂದ ಹುಟ್ಟಿರಬೇಕು. ಜರಿಗಿಡಕ್ಕೆಂದೇ ಈ ಲೆಕ್ಕವನ್ನ ಕೆಂಟ್ ಹೋಲ್ಸಿಂಗರ್ 1987ರಲ್ಲಿ ಬೇರೆಯಾಗಿ ಕಟ್ಟಬೇಕಾಯ್ತು. ಕುರಿಯಲ್ಲಂತೂ ಸ್ವಂತ ಕೂಡಿಕೆ ಅನ್ನೋದೇ ಇಲ್ಲ, ಅಲ್ಲಿ 0.5 ಅಂದ್ರೆ ತಲೆಮಾರುಗಟ್ಟಲೆ ನಡೆದ ಅನಾಹುತ.

ಈ ಕೊರತೆ ಲೆಕ್ಕ ಕುರಿಯಲ್ಲಿ ಎರಡು ಕಡೆ ಮೋಸ ಮಾಡುತ್ತೆ. ಇದು ನನಗೆ ಅರ್ಥ ಆಗೋಕೆ ಒಂದು ವಾರ ಹಿಡೀತು.

ಮೊದಲನೇದು, ಸಂತೆಯ ಮೋಸ. ಮಳವಳ್ಳಿ ಕಡೆಯ ಒಂದು ಹಿಂಡಿನಲ್ಲಿ ಎಲ್ಲಾ ಕೆಂಪು, ಮದ್ದೂರು ಕಡೆಯ ಒಂದು ಹಿಂಡಿನಲ್ಲಿ ಎಲ್ಲಾ ಬಿಳಿ ಅಂದ್ಕೊಳ್ಳಿ. ಎರಡೂ ಕಡೆಯವರು ಸಂತೆಗೆ ಕುರಿ ಹೊಡ್ಕೊಂಡು ಬಂದಿದ್ದಾರೆ. ನೀವು ಅಲ್ಲಿ ನಿಂತು ಐವತ್ತು ಐವತ್ತು ಕುರಿಯ ರಕ್ತ ತೆಗೆದು, ಎಲ್ಲಾ ಒಂದೇ ಹಿಂಡು ಅಂತ ಲೆಕ್ಕ ಹಾಕಿದ್ರೆ, ಐವತ್ತು ಮಿಶ್ರ ಇರಬೇಕಾದ ಕಡೆ ಒಂದೂ ಇಲ್ಲ. ಎಫ್ ಒಂದು ಅಂತ ಬರುತ್ತೆ. ಯಾವ ಕುರಿಯೂ ನೆಂಟನನ್ನ ಕೂಡಿರದೇ ಇರಬಹುದು! ಎರಡು ಹಿಂಡಿನ ನಡುವೆ ಕೊಡುಕೊಳ್ಳುವಿಕೆ ಇಲ್ಲ ಅನ್ನೋದಷ್ಟೇ ಅದರ ಅರ್ಥ. ಎಲ್ಲಿಂದ ಸ್ಯಾಂಪಲ್ ತಂದ್ರಿ ಅಂತ ಕೇಳದೆ ಆ ಸಂಖ್ಯೆಯನ್ನ ನಂಬಬಾರದು.

ಎರಡನೇದು ಇದರ ತದ್ವಿರುದ್ಧ, ನಮ್ಮ ಮಾವನ ಕೊಟ್ಟಿಗೆಯ ಮೋಸ. ಒಂದೇ ಟಗರಿನ ಹಿಂಡನ್ನ ಪ್ರತ್ಯೇಕವಾಗಿ ಪರೀಕ್ಷೆ ಮಾಡಿದ್ರೆ ಕೊರತೆ ಕಾಣೋದೇ ಇಲ್ಲ, ಕೆಲವು ಸಲ ಎಫ್ ಸೊನ್ನೆಗಿಂತ ಕೆಳಗೂ ಬರುತ್ತೆ. ಯಾಕಂದ್ರೆ ಒಂದೇ ಟಗರಿನ ಜೀನ್‌ಗಳು ಕುರಿಗಳ ಸರಾಸರಿಗಿಂತ ಹೇಗೂ ಒಂಚೂರು ಬೇರೆ ಇರ್ತವೆ, ಹಾಗಾಗಿ ಮರಿಗಳಲ್ಲಿ ಮಿಶ್ರ ಜಾಸ್ತಿ. ವರದಿ ನೋಡಿದವರು ಎಲ್ಲಾ ಚೆನ್ನಾಗಿದೆ ಅಂದ್ಕೋತಾರೆ. ಅದು ಬಜೆಟ್‌ನ್ನೇ ಕಮ್ಮಿ ಮಾಡಿ, ಆಮೇಲೆ ಖರ್ಚು ಬಜೆಟ್ ಒಳಗೇ ಇದೆ ಅಂತ ತೋರಿಸಿದ ಹಾಗೆ. ಹಿಂಡಿನಿಂದ ಕೆಲವು ಜೀನ್ ರೂಪಗಳು ಪೂರ್ತಿ ಅಳಿಸಿಹೋಗಿದ್ರೆ ಕೊರತೆಯ ಲೆಕ್ಕಕ್ಕೆ ಅದು ಗೊತ್ತಾಗಲ್ಲ. ಅದಕ್ಕೇ ಇಡೀ ತಳಿಯ ಬಜೆಟ್ ಇಟ್ಟುಕೊಂಡು ಈ ಹಿಂಡಿನ ಖರ್ಚನ್ನ ಹೋಲಿಸಬೇಕು.

ಇತ್ತೀಚೆಗೆ ಮೂರನೇ ದಾರಿಯೂ ಇದೆ. ಕುರಿಯ ಡಿಎನ್‌ಎ ಮೇಲೆ ಸುಮಾರು 50 ಸಾವಿರ ಗುರುತುಗಳನ್ನ ಒಟ್ಟಿಗೆ ಓದೋ ಚಿಪ್. ಎರಡೂ ಪ್ರತಿ ಒಂದೇ ಥರ ಇರೋ ಪಟ್ಟಿಗಳು ಎಷ್ಟು ಉದ್ದ ಅಂತ ಅದು ತೋರಿಸುತ್ತೆ. ಉದ್ದದ ಪಟ್ಟಿ ಅಂದ್ರೆ ನೆಂಟಸ್ತನ ಮೊನ್ನೆ ಮೊನ್ನೆಯದು. ತುಂಡು ತುಂಡು ಅಂದ್ರೆ ಹಳೇದು, ತಲೆಮಾರು ಕಳೆದಂತೆ ಪಟ್ಟಿಗಳು ಕತ್ತರಿಸಿಹೋಗ್ತವೆ. ಇದಕ್ಕೆ ಬೇರೆ ಹಿಂಡಿನ ಹೋಲಿಕೆಯೂ ಬೇಕಿಲ್ಲ, ಒಂದೇ ಪ್ರಾಣಿಯ ರಕ್ತ ಸಾಕು. ಆದರೆ ನಮ್ಮ ಮಾವ ಇದಕ್ಕೆ ದುಡ್ಡು ಹಾಕಲ್ಲ, ನಾನೂ ಹಾಕು ಅನ್ನಲ್ಲ. ಕೊಟ್ಟಿಗೆ ಮಟ್ಟದಲ್ಲಿ ತಲೆ ಎಣಿಕೆ ಮತ್ತು ಒಂದು ನೋಟ್‌ಬುಕ್ ಸಾಕು ಅನ್ನೋದು ನನ್ನ ಅಭಿಪ್ರಾಯ.

ಕಣ್ಣಿಗೆ ಕಾಣಲ್ವಾ ಅಂತ ನೀವು ಕೇಳಬಹುದು. ತಡವಾಗಿ ಕಾಣುತ್ತೆ. ಹುಟ್ಟಿದ ಮರಿಯ ತೂಕ ಕಮ್ಮಿ, ಮರಿ ಉಳಿಯೋದು ಕಮ್ಮಿ, ಕುರಿ ಗಬ್ಬ ಕಟ್ಟೋದು ತಡ. ಒಂದೊಂದಕ್ಕೂ ಬೇರೆ ಕಾರಣ ಹೇಳಬಹುದು, ಮೇವು ಸಾಲಲಿಲ್ಲ, ಚಳಿ ಜಾಸ್ತಿ, ಜಂತು. ಅದಕ್ಕಿಂತ ಕೆಟ್ಟದ್ದೇನು ಗೊತ್ತಾ? ಒಳಸಂಬಂಧ ಜಾಸ್ತಿ ಆದಷ್ಟೂ ಕುರಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಾಣ್ತವೆ. ನೋಡಿದವರು "ಏನ್ ಶುದ್ಧ ತಳಿ!" ಅಂತಾರೆ.

ಮಾವನ ಭಯವನ್ನೂ ನಾನು ತಳ್ಳಿಹಾಕಲ್ಲ. ಬಂಡೂರು ಅಂತ ಹೇಳಿ ಬೆರಕೆ ಟಗರು ಮಾರೋರು ಇದ್ದಾರೆ. ಹಾಗೆ ಬಂದ ಟಗರಿನಿಂದ ಎಫ್ ಏನೋ ಸೊನ್ನೆ ಆಗುತ್ತೆ, ಜೊತೆಗೆ ತಳಿಯೂ ಹೋಗುತ್ತೆ. ಹಾಗಾಗಿ ಬೇಕಾಗಿರೋದು ಹೊರಗಿನ ತಳಿಯ ಟಗರಲ್ಲ, ಇದೇ ತಳಿಯ ಬೇರೆ ಹಿಂಡಿನ ಟಗರು. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಬಂಡೂರು ಕುರಿಗೆಂದೇ ಸರ್ಕಾರಿ ಸಂವರ್ಧನಾ ಕೇಂದ್ರ ಇದೆ, ಅದೊಂದು ದಾರಿ. ಇನ್ನೊಂದು, ಸಾಕುವವರು ತಮ್ಮತಮ್ಮಲ್ಲೇ ಟಗರು ಬದಲಾಯಿಸಿಕೊಳ್ಳೋದು.

ಅದರ ಲೆಕ್ಕ ಕೇಳಿ. ಒಂದೊಂದು ಟಗರು, ಮೂವತ್ತು ಮೂವತ್ತು ಕುರಿಯ ಹತ್ತು ಹಿಂಡು ಇದೆ ಅಂದ್ಕೊಳ್ಳಿ. ಬೇರೆ ಬೇರೆಯಾಗಿದ್ರೆ ಒಂದೊಂದಕ್ಕೂ ಶೇ. 12.9 ಸವಕಳಿ. ಅದೇ ಹತ್ತು ಟಗರು ಸರದಿಯಂತೆ ಹಿಂಡು ಬದಲಾಯಿಸಿದ್ರೆ, ಇಡೀ ಮುನ್ನೂರ ಹತ್ತು ತಲೆ ಒಂದು ಹಿಂಡಿನ ಹಾಗೆ. ಹತ್ತು ಗುಣಿಸು ಮುನ್ನೂರು ಗುಣಿಸು ನಾಲ್ಕು, ಭಾಗಿಸು ಮುನ್ನೂರ ಹತ್ತು, 38.7. ಸವಕಳಿ ಶೇ. 1.3. ಐದು ತಲೆಮಾರಿಗೆ ಅರ್ಧ ಹೋಗೋ ಬದಲು ನೂರಕ್ಕೆ ಆರು ಚಿಲ್ಲರೆ. ಒಂದು ಕುರಿಯೂ ಹೊಸದಾಗಿ ಕೊಳ್ಳಲಿಲ್ಲ, ಟಗರುಗಳನ್ನ ಟೆಂಪೋದಲ್ಲಿ ಅಲ್ಲಿಂದಿಲ್ಲಿಗೆ ಸಾಗಿಸಿದ್ದಷ್ಟೇ ಖರ್ಚು. ಇಪ್ಪತ್ತು ಹಿಂಡಾದ್ರೆ ಆ ಶೇ. 1ರ ಗೆರೆಯ ಒಳಗೇ ಬರ್ತೀವಿ. ನಿಜ ಜೀವನದಲ್ಲಿ ಸರದಿ ಇಷ್ಟು ಅಚ್ಚುಕಟ್ಟಾಗಿ ನಡೆಯಲ್ಲ, ಒಬ್ಬರು ಟಗರು ಚೆನ್ನಾಗಿಲ್ಲ ಅಂತಾರೆ, ಇನ್ನೊಬ್ಬರು ರೋಗ ಬಂದೀತು ಅಂತಾರೆ. ರೋಗದ ಮಾತಂತೂ ಸರಿಯೇ, ತಂದ ಟಗರನ್ನ ಕೆಲವು ದಿನ ಬೇರೆ ಕಟ್ಟಿ, ಲಸಿಕೆ ನೋಡಿಯೇ ಹಿಂಡಿಗೆ ಬಿಡಬೇಕು.

ಮಾವ ಕೊನೆಗೆ ಒಪ್ಪಿದ್ರು. ಮದ್ದೂರು ಕಡೆ ಅವರ ಪರಿಚಯದವರ ಹತ್ತಿರ ಒಂದು ಟಗರು ಇತ್ತು. ನೋಡೋಕೆ ಹೋದ್ವಿ. ತಲೆಕೆಳಗಾದ ಯು, ಜೋತ ಕಿವಿ, ಎಲ್ಲಾ ಸರಿ. ನಾನು ನೋಟ್‌ಬುಕ್ ತೆಗೆದು ಕಿವಿಯೋಲೆ ನಂಬರ್ ಬರ್ಕೊಂಡು, ಇದರ ಅವ್ವ ಎಲ್ಲಿಯದು ಅಂತ ಕೇಳಿದೆ. ಆ ಯಜಮಾನರು ನೆನಪು ಮಾಡ್ಕೊಂಡು ಮಾವನ ಮುಖ ನೋಡಿದ್ರು. "ನಿಮ್ಮ ಟಗರಿಗೆ ಹುಟ್ಟಿದ್ದೇ ಅಲ್ವೇನಣ್ಣ? ಆವತ್ತು ನಿಮ್ಮತ್ರ ಒಂದು ಹೆಣ್ಣುಮರಿ ತಗೊಂಡಿದ್ನಲ್ಲ."

ಈಗ ಮಾರೋಕೆ ಹೊರಟಿರೋ ಟಗರಿನ ಅಪ್ಪನ ಕಾಲದ ಮಾತು ಅದು. ಅಂದ್ರೆ ಮದ್ದೂರಿನ ಈ ಟಗರಿಗೆ ಯಾರು ತಾಯಿ ಕಡೆಯ ತಾತನೋ, ಅವನೇ ನಮ್ಮ ಹಿಂಡಿನ ಎಳೇ ಕುರಿಗಳಿಗೆ ಅಪ್ಪನ ಅಪ್ಪ. ಮೂವತ್ತು ಕಿಲೋಮೀಟರ್ ಬಂದು ನೆಂಟನನ್ನೇ ಹುಡುಕಿದ್ವಿ!

ಅಲ್ಲೇ ಜಗಲಿ ಮೇಲೆ ಕೂತು ದಾರಿ ಎಣಿಸಿದೆ. ಈ ಟಗರು, ಅದರ ಅವ್ವ, ಆ ಹಿರಿಯ, ನಮ್ಮ ಹಳೇ ಟಗರು, ನಮ್ಮ ಕುರಿ. ಐದು ಪ್ರಾಣಿ. ಮೂವತ್ತೆರಡರಲ್ಲಿ ಒಂದು, ಶೇ. 3.1. ಮನೇಲಿ ಹುಟ್ಟಿದ್ದನ್ನ ಬಿಟ್ಟಿದ್ರೆ ಎಂಟರಲ್ಲಿ ಒಂದು ಆಗ್ತಿತ್ತು.

ಮಾವ ಬೆರಳು ಮಡಚಿ ನೋಡ್ಕೊಂಡ್ರು. "ನಾಕ್ರಲ್ಲಿ ಒಂದು ಪಾಲಾಯ್ತು. ಈ ಸಲಕ್ಕೆ ಇದೇ ಇರ್ಲಿ. ಮುಂದಿನ್ದಕ್ಕೆ ಬನ್ನೂರ ಕಡೆ ಕೇಳವ, ಅಲ್ಲಿಗೆ ನಾನು ಕುರಿ ಕೊಟ್ಟಿಲ್ಲ." ಟಗರು ಟೆಂಪೋ ಹತ್ತಿತು. ಮುಂದಿನ ಮರಿಗಳ ಕಿವಿಯೋಲೆ ನಂಬರ್‌ಗೆ ನೋಟ್‌ಬುಕ್‌ನಲ್ಲಿ ಹೊಸ ಪುಟ ಬಿಟ್ಟಿದೀನಿ. ಅಪ್ಪ, ಅವ್ವ, ಹುಟ್ಟಿದ ದಿನ, ತೂಕ, ನಾಲ್ಕೇ ಕಾಲಂ.